ಹಾರ್ಬಿನ್ನಿಗೆ ಹೊರಡುವ ಮುನ್ನ
(ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ಚೀನದ ಹಾರ್ಬಿನ್ ನಗರವನ್ನು ಚಳಿಗಾಲದಲ್ಲಿ ನೋಡಿಬರಬೇಕೆಂದು ನಮ್ಮ ಕೆಲವು ತರುಣರು ಹವಣಿಸಿದ್ದಾರೆ. ಸಂತೋಷದ ಸಂಗತಿ. ಆದರೆ ಮಂಜುಗಡ್ಡೆಯ ಅರಮನೆಯ ಚಿತ್ರ ಕಂಡು ಮರುಳಾಗಿ ಹೊರಡುವುದು ಬೇರೆ, ಊರನ್ನು ಅರಿತು ಹೊರಡುವುದು ಬೇರೆ. ಅದಕ್ಕಾಗಿ ಈ ನಾಲ್ಕು ಮಾತು.

ಮೊದಲು ದಾರಿ. 2020ರಲ್ಲಿ ನಿಂತಿದ್ದ ಭಾರತ-ಚೀನ ನೇರ ವಿಮಾನ ಸಂಚಾರ 2025ರ ಅಕ್ಟೋಬರಿನಲ್ಲಿ ಮತ್ತೆ ಮೊದಲಾಯಿತು. ಬೀಜಿಂಗ್ ಮುಟ್ಟಿದರೆ, ಅಲ್ಲಿಂದ 2021ರಲ್ಲಿ ಪೂರ್ತಿಯಾದ ವೇಗದ ರೈಲುಮಾರ್ಗದಲ್ಲಿ ಸುಮಾರು 5 ಗಂಟೆಯ ಪಯಣ. ಚೀನೀ ಹೊಸವರ್ಷದ ವಾರಗಳನ್ನು ಬಿಟ್ಟು ಹೋಗಿ. ವರ್ಷಕ್ಕೊಮ್ಮೆ ಮನೆಗೆ ಮರಳುವ ಕೂಲಿಗಾರರಿಂದ ಆಗ ಗಾಡಿಗಳು ತುಂಬಿರುತ್ತವೆ. ಆ ಜಾಗ ಅವರಿಗಿರಲಿ.

ಇನ್ನು ಚಳಿ. ಜನವರಿಯ ಸರಾಸರಿ ಉಷ್ಣತೆ ಸೊನ್ನೆಗಿಂತ ಸುಮಾರು 17 ಡಿಗ್ರಿ ಕೆಳಗೆ. ರಾತ್ರಿ 25 ಡಿಗ್ರಿ ಕೆಳಗಿಳಿಯುವುದೂ ಉಂಟು. ಒಂದೇ ದಪ್ಪ ಕೋಟನ್ನು ನಂಬಬೇಡಿ. ಮೈಗೆ ತಾಗಿ ತೆಳು ಉಣ್ಣೆ, ಮೇಲೆ ದಪ್ಪ ಉಣ್ಣೆ, ಹೊರಗೆ ಗಾಳಿ ತಡೆಯುವ ನಿಲುವಂಗಿ ಇರಬೇಕು. ಹತ್ತಿಯ ಒಳಅಂಗಿ ಬೆವರಿಗೆ ಒದ್ದೆಯಾಗಿ ಮೈಯನ್ನು ಕೊರೆಯುತ್ತದೆ. ಬೂಟು ಬಿಗಿಯಾದರೆ ರಕ್ತ ಓಡದೆ ಬೆರಳು ಮರಗಟ್ಟುತ್ತವೆ. ಸಾರಾಯಿ ಬೆಚ್ಚಗಿಡುತ್ತದೆಂಬುದು ಸುಳ್ಳು. ಅದು ಒಳಗಿನ ಶಾಖವನ್ನು ಚರ್ಮಕ್ಕೆ ತಂದು ಹೊರಗೆ ಚೆಲ್ಲುತ್ತದೆ.

ಇಷ್ಟನ್ನು ಯಾವ ಪ್ರವಾಸಿಯಾದರೂ ಹೇಳಿಯಾನು. ಸಮಾಜವಾದಿಗಳಾದ ನಾವು ಕೇಳತಕ್ಕ ಪ್ರಶ್ನೆ ಬೇರೆ: ಆ ಚಳಿಯಲ್ಲಿ ಬೆಚ್ಚಗಿರುವವರಾರು, ನಡುಗುವವರಾರು?

1898ರಲ್ಲಿ ಝಾರನ ರಷ್ಯ ಚೀನದ ನೆಲದಲ್ಲಿ ರೈಲುಮಾರ್ಗ ಹಾಕತೊಡಗಿದಾಗ ಈ ನಗರ ಬೆಳೆಯಿತು. 1910ರ ಚಳಿಗಾಲದಲ್ಲಿ ಇಲ್ಲಿಗೆ ಶ್ವಾಸಕೋಶದ ಪ್ಲೇಗು ಬಂತು. ಮಾರ್ಮಟ್ ಎಂಬ ಪ್ರಾಣಿಯ ತುಪ್ಪುಳಕ್ಕೆ ಬೆಲೆ ಏರಿ, ದೂರದಿಂದ ಬಂದ ಬಡ ಕೂಲಿಗಳು ಬೇಟೆಗಿಳಿದಿದ್ದರು. ರೋಗ ಅವರಿಗೆ ತಗಲಿ, ಚಳಿಗೆ ಕಿಟಕಿ ಮುಚ್ಚಿದ ಇಕ್ಕಟ್ಟಾದ ಛತ್ರಗಳಲ್ಲಿ ಉಸಿರಿನಿಂದ ಉಸಿರಿಗೆ ಹಬ್ಬಿತು. ಪಿನಾಂಗಿನಲ್ಲಿ ಹುಟ್ಟಿದ ವೈದ್ಯ ವೂ ಲಿಯೆನ್-ತೆ ಬಂದು ಅರಿವೆಯ ಮುಖಗವುಸು ಕಟ್ಟಿಸಿದರು, ರೋಗಿಗಳನ್ನು ಬೇರ್ಪಡಿಸಿದರು. ನೆಲ ಹೆಪ್ಪುಗಟ್ಟಿ ಹೂಳಲಾಗದೆ ಉಳಿದಿದ್ದ 2,000ಕ್ಕೂ ಹೆಚ್ಚು ಹೆಣಗಳನ್ನು, ಅರಮನೆಯ ಅಪ್ಪಣೆ ತರಿಸಿ, 1911ರ ಜನವರಿಯಲ್ಲಿ ಸುಡಿಸಿದರು. ಮಂಚೂರಿಯದಲ್ಲಿ ಒಟ್ಟು ಸುಮಾರು 60,000 ಜನ ಸತ್ತರು. ಮುಖ್ಯವಾಗಿ ಸತ್ತವರು ಬೆಚ್ಚನೆಯ ತುಪ್ಪುಳ ಧರಿಸಿದವರಲ್ಲ, ಅದನ್ನು ದುಡಿದು ಒದಗಿಸಿದ ವರ್ಗದವರು.

ಮುಂದೆ ಜಪಾನೀ ಸೈನ್ಯ ಇದೇ ಚಳಿಯನ್ನು ಹಿಂಸೆಯ ಉಪಕರಣ ಮಾಡಿಕೊಂಡಿತು. ಪಿಂಗ್‌ಫಾಂಗಿನಲ್ಲಿ ಅದರ 731ನೆಯ ದಳ ಸೆರೆಯಾಳುಗಳ ಕೈಕಾಲು ಹೆಪ್ಪುಗಟ್ಟಿಸಿ ಪ್ರಯೋಗ ನಡೆಸಿತು. ಯುದ್ಧಾನಂತರ ಅಮೆರಿಕ ಆ ಪ್ರಯೋಗಗಳ ಕಾಗದ ಪಡೆದು, ದಳದ ಮುಖ್ಯಸ್ಥ ಇಶಿಯಿಯನ್ನು ವಿಚಾರಣೆಯಿಂದ ಪಾರುಮಾಡಿತು. ಆ ಸ್ಥಳ ಈಗ ವಸ್ತುಸಂಗ್ರಹಾಲಯ. ಒಂದು ದಿನ ಅದಕ್ಕೆ ಮೀಸಲಿಡಿ.

ಇಂದಿನ ಹಾರ್ಬಿನ್ನಿನಲ್ಲಿ ಒಂದು ಒಳ್ಳೆಯ ಏರ್ಪಾಡುಂಟು. ಅಕ್ಟೋಬರ್ 20ರಿಂದ ಏಪ್ರಿಲ್ 20ರವರೆಗೆ ಬಿಸಿನೀರು ಕೊಳವೆಗಳಲ್ಲಿ ಹರಿದು ನಗರದ ಮನೆಗಳನ್ನು ಕಾಯಿಸುತ್ತದೆ. ಶಾಖವನ್ನು ಸಾರ್ವಜನಿಕ ಸೇವೆಯಾಗಿ ಎಣಿಸಿದ್ದನ್ನು ನಾವು ಮೆಚ್ಚಲೇಬೇಕು. ಆದರೆ ಹಳ್ಳಿಯ ಮನೆಗಳಲ್ಲಿ ಬಹುಪಾಲು ಒಲೆಯ ಬಿಸಿಯಿಂದ ಕಾಯುವ ಇಟ್ಟಿಗೆಯ ಜಗಲಿಯೇ ಗತಿ.

ಆ ಹಳ್ಳಿಗರಲ್ಲೇ ಹಲವರು ಡಿಸೆಂಬರಿನಲ್ಲಿ ಸೊಂಗ್‌ಹುವಾ ನದಿಯ ಮೇಲೆ ನಿಂತು ಮಂಜುಗಡ್ಡೆ ಕೊಯ್ಯುತ್ತಾರೆ. 1963ರಲ್ಲಿ ಉದ್ಯಾನದ ದೀಪೋತ್ಸವವಾಗಿ ಮೊದಲಾದದ್ದು 1985ರಿಂದ ವಾರ್ಷಿಕ ಉತ್ಸವವಾಯಿತು. 1999ರಿಂದ ದೊಡ್ಡ ಮಂಜುಗಡ್ಡೆಯ ಲೋಕವೇ ಏಳುತ್ತಿದೆ. ಅರಮನೆಯ ಮುಂದೆ ಚಿತ್ರ ತೆಗೆಯಿರಿ, ಬೇಡವೆನ್ನುವುದಿಲ್ಲ. ಆದರೆ ನದಿಗೂ ಹೋಗಿ. ದಿನಗೂಲಿ ಎಷ್ಟು, ಎಷ್ಟು ಗಂಟೆಯ ಕೆಲಸ, ಬೂಟು ಕೊಡಿಸುವವರಾರು ಎಂದು ವಿಚಾರಿಸಿ. ಕಾರ್ಮಿಕರ ಹೆಸರಿನಲ್ಲಿ ಆಳುವ ಆ ದೇಶದಲ್ಲಿ ಸರಕಾರಿ ಮಹಾಸಂಘದ ಹೊರಗೆ ಕಾರ್ಮಿಕರು ಸಂಘ ಕಟ್ಟುವಂತಿಲ್ಲ. ಆದುದರಿಂದ ಮಾತಾಡಿದವರ ಹೆಸರು ಬರೆದುಕೊಳ್ಳಬೇಡಿ, ಚಿತ್ರ ತೆಗೆಯಬೇಡಿ. ನಮ್ಮ ಕುತೂಹಲಕ್ಕೆ ಅವರು ದಂಡ ತೆರಬಾರದು.

ಹೋಗುವವರು ಈಗಲೇ ಪಾಸ್‌ಪೋರ್ಟ್, ವೀಸಾಗಳ ಕೆಲಸ ಹಿಡಿಯಲಿ, ಖರ್ಚನ್ನು ಸಮನಾಗಿ ಹಂಚಿಕೊಳ್ಳಲಿ. ಮರಳಿ ಬಂದ ಮೇಲೆ ಇದೇ ಸಭೆಯಲ್ಲಿ ವರದಿ ಒಪ್ಪಿಸಲಿ. ಮಂಜುಗಡ್ಡೆ ಕೊಯ್ಯುವವನ ಕೂಲಿ ಎಷ್ಟೆಂಬುದನ್ನೇ ನಾವು ಮೊದಲು ಕೇಳುತ್ತೇವೆ.