ಸಕ್ರಿಯ ಸದಸ್ಯನೆಂದರೆ ಯಾರು?

(ಉಲ್ಹಾಸನಗರದಲ್ಲಿ ಕನ್ನಡ ಕಾರ್ಮಿಕ ಬಂಧುಗಳ ಸೇವಾ ಮಂಡಳಿಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಪಾಳಿ ಮುಗಿಸಿ ನೇರವಾಗಿ ಇಲ್ಲಿಗೆ ಬಂದ ಕೆಲವರು ಮುಂದಿನ ಸಾಲಿನಲ್ಲಿಯೇ ತೂಕಡಿಸುತ್ತಿದ್ದೀರಿ. ನಮಗೆ ಬೇಸರವಿಲ್ಲ. ಬೆಳಗಿನ ನಾಲ್ಕು ಗಂಟೆಗೆ ಎದ್ದು ಇಡ್ಲಿ ಹಬೆಯ ಮುಂದೆ ನಿಂತವನಿಗೆ ಸಂಜೆಯ ಭಾಷಣ ಜೋಗುಳವಾದರೆ, ಅದು ಭಾಷಣಕಾರನ ಪುಣ್ಯವೆಂದೇ ತಿಳಿಯಬೇಕು.

ನಮ್ಮ ಮಂಡಳಿಗೆ ಕಚೇರಿಯಿಲ್ಲ, ಬೋರ್ಡಿಲ್ಲ. ತಾವು ಕುಳಿತಿರುವ ಕುರ್ಚಿಗಳು ಸಹ ಬಾಡಿಗೆಯವು. ಮಂಡಳಿ ಇರುವುದು ತಮ್ಮೆಲ್ಲರ ಕಿಸೆಯಲ್ಲಿರುವ ಮೊಬೈಲು ಫೋನಿನಲ್ಲಿ. 2020ರ ಮಾರ್ಚ್ 25ರಂದು ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ಅದು ಹುಟ್ಟಿತು. ಹೋಟೇಲುಗಳು ಮುಚ್ಚಿದವು, ಮಾಲೀಕನಿಗೆ ವ್ಯಾಪಾರವಿಲ್ಲ, ಕೆಲಸದವನಿಗೆ ಸಂಬಳವಿಲ್ಲ. ಹೋಟೇಲಿನಲ್ಲಿಯೇ ಮಲಗುವ ಹುಡುಗರಿಗೆ ಅದೇ ಮನೆ, ಅದೇ ಸೆರೆಮನೆ. ಲೋಕಲ್ ಗಾಡಿಗಳು ನಿಂತಿದ್ದವು. ಇಲ್ಲಿಯ ಐದನೆಯ ಕ್ಯಾಂಪಿನಲ್ಲಿದ್ದವನು ಕಲ್ಯಾಣದಲ್ಲಿದ್ದ ಅಣ್ಣನ ಮುಖ ನೋಡುವಂತಿರಲಿಲ್ಲ. ಯಾರಲ್ಲಿ ಅಕ್ಕಿ ಉಳಿದಿದೆ, ಯಾರಲ್ಲಿ ಮುಗಿದಿದೆ ಎಂದು ಪರಸ್ಪರ ತಿಳಿಸುವುದಕ್ಕಾಗಿ ನಾಲ್ಕಾರು ಮಂದಿ ಕೂಡಿ ಫೋನಿನಲ್ಲಿ ಒಂದು ಗುಂಪು ಮಾಡಿದೆವು. ಊರಿಗೆ ಹೋಗಬೇಕಾದವರು ಕರ್ನಾಟಕ ಸರಕಾರದ ‘ಸೇವಾ ಸಿಂಧು’ ಜಾಲತಾಣದಲ್ಲಿ ಹೆಸರು ದಾಖಲಿಸಬೇಕಾಗಿತ್ತು. ಗಲ್ಲಾದಲ್ಲಿ ಕುಳಿತು ಬಿಲ್ಲು ಬರೆಯುತ್ತಿದ್ದ ನಮ್ಮ ಸದಸ್ಯನೊಬ್ಬ ಹೋಟೇಲಿನ ಅಟ್ಟದ ಮೇಲೆ ಕುಳಿತು, ಕಂಡು ಕೇಳರಿಯದ ಮಾಣಿಗಳಿಗಾಗಿ ಆ ಅರ್ಜಿಗಳನ್ನು ತುಂಬಿದ. ತನ್ನ ಹೆಸರು ಹೇಳಬಾರದೆಂದು ಅವನೇ ಕೇಳಿಕೊಂಡಿದ್ದಾನೆ. ಇಲ್ಲಿಯೇ ಎಲ್ಲೋ ಹಿಂದೆ ನಿಂತಿದ್ದಾನೆ.

ಈ ಊರಿನ ಜಾಯಮಾನವೇ ಅಂಥದೋ ಏನೋ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದು ಸೈನಿಕರ ಬಿಡಾರ. 1947ರ ದೇಶವಿಭಜನೆಯ ಬಳಿಕ ಸಿಂಧ್ ಪ್ರಾಂತದಿಂದ ಮನೆಮಾರು ಬಿಟ್ಟು ಬಂದವರನ್ನು ಇದೇ ಬ್ಯಾರಕುಗಳಲ್ಲಿ ಇಳಿಸಿದರು. 1949ರಲ್ಲಿ ಉಲ್ಹಾಸನಗರವೆಂದು ಹೆಸರಾಯಿತು. ಇಂದಿಗೂ ವಿಳಾಸ ಹೇಳುವಾಗ ನಾವು ಕ್ಯಾಂಪ್ ಮೂರು, ಕ್ಯಾಂಪ್ ನಾಲ್ಕು ಎನ್ನುತ್ತೇವಷ್ಟೆ. ಬಂದವರನ್ನು ಬಂದವರೇ ನೋಡಿಕೊಳ್ಳಬೇಕಾದ ಊರು ಇದು.

ಇರಲಿ, ವಿಷಯಕ್ಕೆ ಬರೋಣ. ‘ಸಕ್ರಿಯ ಸದಸ್ಯ’ನ ಕುರಿತು ಮಾತನಾಡಬೇಕೆಂದು ಕಾರ್ಯದರ್ಶಿಗಳು ಹೇಳಿದಾಗ ನಮಗೆ ನೆನಪಾದುದು ಕಳೆದ ಮಳೆಗಾಲದ ಒಂದು ರಾತ್ರಿ. ಅದನ್ನು ಹೇಳಿಕೊಳ್ಳುವುದು ನಮಗೆ ಗೌರವದ ಮಾತಲ್ಲ, ಆದರೂ ಹೇಳುತ್ತೇವೆ.

ರಾತ್ರಿ ಹನ್ನೊಂದರ ಸುಮಾರಿಗೆ ಗುಂಪಿನಲ್ಲಿ ಒಂದು ಸಂದೇಶ ಬಂತು. ಹೋಟೇಲೊಂದರ ಅಡಿಗೆಮನೆಯಲ್ಲಿ ದುಡಿಯುವ ಹುಡುಗ ಬರೆದಿದ್ದ. ಅವನ ಅಣ್ಣನಿಗೆ ಅಪಘಾತವಾಗಿದೆ, ಆಸ್ಪತ್ರೆಯಲ್ಲಿದ್ದಾನೆ, ಮೂರು ಬಾಟಲಿ ರಕ್ತ ಬೇಕು. ಕೂಡಲೇ ಉತ್ತರಗಳ ಸುರಿಮಳೆಯಾಯಿತು. ಒಬ್ಬರು ಕೈಮುಗಿದ ಚಿತ್ರ ಕಳಿಸಿದರು, ಇನ್ನೊಬ್ಬರು ಎರಡು ಕೈಮುಗಿದ ಚಿತ್ರ. ದೇವರು ಒಳ್ಳೆಯದು ಮಾಡಲಿ ಎಂದರು ಕೆಲವರು. ಅದೇ ಸಂದೇಶವನ್ನು ಬೇರೆ ಹತ್ತು ಗುಂಪುಗಳಿಗೆ ಸಾಗಹಾಕಿದವರೂ ಉಂಟು. ಕೈಮುಗಿದವರಲ್ಲಿ ನಾವೂ ಇದ್ದೆವು. ಚಿತ್ರ ಒತ್ತಿ, ಫೋನನ್ನು ತಲೆದಿಂಬಿನ ಕೆಳಗಿಟ್ಟು ಮಲಗಿದೆವು. ಏನೋ ಮಾಡಿದೆವೆಂಬ ಸಮಾಧಾನವೂ ಆಯಿತು. ಈಗ ನೆನೆದರೆ ಅದೇ ಹೆಚ್ಚು ನಾಚಿಕೆಯ ಸಂಗತಿ.

ಬೆಳಗಾಗುವವರೆಗೆ ಒಬ್ಬನೂ ಹೋಗಲಿಲ್ಲ. ಬೆಳಿಗ್ಗೆ ಮಿಲ್ಲಿನ ಸದಸ್ಯನೊಬ್ಬ ರಾತ್ರಿಪಾಳಿ ಮುಗಿಸಿ, ಮನೆಗೂ ಹೋಗದೆ, ನೇರವಾಗಿ ಅಲ್ಲಿಗೆ ಧಾವಿಸಿದ. ರಕ್ತ ತೆಗೆಯುವವರು ಅವನನ್ನು ಹಿಂದೆ ಕಳಿಸಿದರು. ಅವರದೇನೂ ತಪ್ಪಿಲ್ಲ. ರಾತ್ರಿಪಾಳಿ ಮಾಡಿ ಸರಿಯಾಗಿ ನಿದ್ದೆಮಾಡದವನಿಂದ ರಕ್ತ ತೆಗೆಯಬಾರದೆಂಬುದು ನಿಯಮ. ಅದು ಅವನ ಹಿತಕ್ಕಾಗಿಯೇ ಇರುವುದು. ಆದರೆ ಆ ನಿಯಮ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಂದವನೊಬ್ಬ, ಅವನೂ ಉಪಯೋಗಕ್ಕೆ ಬರಲಿಲ್ಲ. ಮಧ್ಯಾಹ್ನ ಬೇರೆ ಮೂವರನ್ನು ಹುಡುಕಿ ಕಳಿಸಿದ ಮೇಲೆ, ಮರುದಿನ ಶಸ್ತ್ರಕ್ರಿಯೆ ನಡೆಯಿತು. ಅಣ್ಣ ಉಳಿದುಕೊಂಡ. ನಮ್ಮಿಂದಲ್ಲ, ಅವನ ಆಯುಷ್ಯ ಗಟ್ಟಿ ಇತ್ತು.

ತಮ್ಮನನ್ನು ನೋಡಲು ಹೋದಾಗ ಅವನು ಹೇಳಿದ: “ಅಣ್ಣಾ, ರಾತ್ರಿಯೆಲ್ಲ ಮೆಟ್ಟಿಲ ಮೇಲೆ ಕುಳಿತು ಫೋನು ನೋಡುತ್ತಿದ್ದೆ. ಅಷ್ಟು ಮಂದಿ ಕೈಮುಗಿದರಲ್ಲ, ನಾನೇ ದೇವರಾಗಿಬಿಟ್ಟೆನೋ ಎಂದು ಅನ್ನಿಸಿತು.” ಅಂದೇ ಅವನು ಗುಂಪನ್ನು ಬಿಟ್ಟ.

ಒಂದು ಮಾತನ್ನು ತಿಳಿದಿರಬೇಕು. ಹಿಂದೆ ರಕ್ತವನ್ನು ಹಣಕ್ಕೆ ಮಾರುವವರಿದ್ದರು. ಹಸಿದವನು ಮಾರುತ್ತಿದ್ದ, ರೋಗವೂ ಅದರೊಡನೆ ಹೋಗುತ್ತಿತ್ತು. ಸುಪ್ರೀಂ ಕೋರ್ಟಿನ 1996ರ ತೀರ್ಪಿನ ಮೇರೆಗೆ 1998ರ ಜನವರಿ 1ರಿಂದ ಅದು ನಿಂತಿತು. ಒಳ್ಳೆಯದೇ ಆಯಿತು. ಆದರೆ ಇದರ ಅರ್ಥವೇನು? ರಕ್ತಕ್ಕೆ ಹಣವಲ್ಲ, ಜನ ಬೇಕು. ಊರಿನಲ್ಲಿ ಹತ್ತು ಜನ ನೆಂಟರಿದ್ದವನಿಗೂ ಉಲ್ಹಾಸನಗರದ ರಾತ್ರಿಯಲ್ಲಿ ಇರುವ ಜನ ಯಾರು? ಈ ಮಂಡಳಿಯೇ.

ಆ ಘಟನೆಯ ಬಳಿಕ ನಾವು ಒಂದು ದೊಡ್ಡ ನೋಟುಪುಸ್ತಕ ತಂದೆವು. ಪ್ರತಿಯೊಬ್ಬ ಸದಸ್ಯನ ರಕ್ತದ ಗುಂಪು, ಕೊನೆಯ ಬಾರಿ ಕೊಟ್ಟ ತಾರೀಖು, ಯಾವ ಪಾಳಿ, ವಾರದ ರಜೆ ಯಾವಾಗ, ಹತ್ತಿರದ ಸ್ಟೇಷನ್ ಶಹಾಡವೋ ವಿಠಲವಾಡಿಯೋ, ಇಷ್ಟನ್ನು ಬರೆದುಕೊಂಡೆವು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ವಯಸ್ಸು 18 ತುಂಬಿರಬೇಕು, ತೂಕ 45 ಕಿಲೋಗೆ ಕಡಮೆಯಿರಬಾರದು, ಹೊಟ್ಟೆ ಖಾಲಿಯಿರಬಾರದು. ರಕ್ತ ಕೊಟ್ಟರೆ ಭಟ್ಟಿಯ ಮುಂದೆ ನಿಲ್ಲುವ ಶಕ್ತಿ ಹೋಗುತ್ತದೆಂದು ಹೆದರುವವರಿದ್ದಾರೆ. ತೆಗೆಯುವುದು ಸಾಮಾನ್ಯವಾಗಿ 350 ಮಿಲಿಲೀಟರು. ಅಂದು ಭಾರದ ಕೆಲಸ ಬೇಡ, ನೀರು ಚೆನ್ನಾಗಿ ಕುಡಿಯಿರಿ, ಸಾಕು.

ಪುಸ್ತಕಕ್ಕಿಂತ ದೊಡ್ಡದು ಅದರೊಡನೆ ಮಾಡಿದ ಕಟ್ಟಳೆ. ಸಹಾಯ ಕೇಳಿದ ಸಂದೇಶಕ್ಕೆ ಎರಡೇ ಉತ್ತರ: ‘ಹೊರಟೆ’, ಇಲ್ಲವೇ ‘ಆಗದು’. ಕೈಮುಗಿಯುವ ಚಿತ್ರ ನಿಷಿದ್ಧ. ‘ಹೊರಟೆ’ ಎಂದು ಬರೆಯುವುದು ಯಾರಿಗೂ ಕಷ್ಟವಾಗಲಿಲ್ಲ. ‘ಆಗದು’ ಎನ್ನುವುದಕ್ಕೇ ಎಲ್ಲರೂ ಅಂಜಿದರು. ನಾಲ್ವರ ಎದುರಿಗೆ ಇಲ್ಲವೆನ್ನುವುದು ಹೇಗೆ? ಆದರೆ ಯೋಚಿಸಿ ನೋಡಿ. ‘ಆಗದು’ ಎಂದವನು ಕಾರ್ಯದರ್ಶಿಯ ಐದು ನಿಮಿಷ ಉಳಿಸಿದ. ಅವರು ಮುಂದಿನ ಹೆಸರಿಗೆ ಫೋನು ಮಾಡಬಹುದು. ಸುಮ್ಮನಿದ್ದವನು, ಚಿತ್ರ ಕಳಿಸಿದವನು, ಬರುತ್ತಾನೇನೋ ಎಂಬ ಆಸೆ ಹುಟ್ಟಿಸಿ ಕಾಯಿಸಿದ. ನಮ್ಮ ಲೆಕ್ಕದಲ್ಲಿ ಆ ಹೊತ್ತಿಗೆ ಸರಿಯಾಗಿ ‘ಆಗದು’ ಎಂದವನೂ ಸಕ್ರಿಯ ಸದಸ್ಯನೇ. ವರ್ಷಪೂರ್ತಿ ಅದನ್ನೇ ಹೇಳಿದರೆ ಮಾತ್ರ ಬೇರೆ ಕೆಲಸ ಕೊಡಬೇಕಾದೀತು!

ಫೋನಿನ ಮಂಡಳಿಯೂ ಒಂದು ಮಂಡಳಿಯೇ, ಮುಖ ನೋಡದೆ ಎಂಥ ಸೇವೆ, ಎಂದು ಹಿರಿಯರು ಕೆಲವರು ಕೇಳುತ್ತಾರೆ. ರೋಟರಿ ಕ್ಲಬ್ಬಿನ ಹೆಸರು ತಾವು ಕೇಳಿದ್ದೀರಿ. 1905ರಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಗೆಳೆಯರೊಡನೆ ಆರಂಭಿಸಿದರು. ಸರದಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ಸೇರುತ್ತಿದ್ದುದರಿಂದ ಆ ಹೆಸರು. ಅದು ಉಳ್ಳವರ ಕ್ಲಬ್ಬು ಎಂಬುದು ನಿಜ; ಅವರ ಒಂದು ಊಟದ ಬೆಲೆ ನಮ್ಮ ಒಂದು ದಿನದ ಸಂಬಳವಿದ್ದೀತು, ಆ ತಟ್ಟೆಯನ್ನು ಬಡಿಸಿದವರೂ ಅನೇಕ ಸಲ ನಾವೇ. ಆದರೂ ಅವರು ಕೈಗೊಂಡ ಮೊದಲ ಸಾರ್ವಜನಿಕ ಕೆಲಸ ಯಾವುದು ಗೊತ್ತೇ? 1907ರಲ್ಲಿ ಶಿಕಾಗೋದಲ್ಲಿ ಸಾರ್ವಜನಿಕ ಕಕ್ಕಸು ಕಟ್ಟಿಸುವುದಕ್ಕೆ ಹೋರಾಡಿದ್ದು. ಚಾಳಿನಲ್ಲಿ ಬೆಳಿಗ್ಗೆ ಡಬ್ಬಿ ಹಿಡಿದು ಸಾಲುನಿಂತವರಿಗೆ ಆ ಕೆಲಸದ ಬೆಲೆ ವಿವರಿಸಬೇಕಾಗಿಲ್ಲ. ಅದೇ ರೋಟರಿ 2010ರಲ್ಲಿ, ಅಂತರ್ಜಾಲದಲ್ಲಿಯೇ ಸೇರುವ ಕ್ಲಬ್ಬುಗಳಿಗೂ ಕಾಯಂ ಮನ್ನಣೆ ಕೊಟ್ಟಿತು. ಹೊತ್ತು ಹೊಂದದವರು, ದೂರವಿರುವವರು ಅಂಥವನ್ನು ಸೇರುತ್ತಾರೆ. ಹಾಗೆ ಸೇರಿದವರಿಗೂ ಸೇವೆಯ ಕೆಲಸ ತಪ್ಪಿದ್ದಲ್ಲ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಮುಂಬಯಿಯಲ್ಲಿ 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ ರಾತ್ರಿಶಾಲೆ ನಡೆಸಿತು. ಬಿಲ್ಲವರ ಎಸೋಸಿಯೇಶನ್ನಿನ ಗುರುನಾರಾಯಣ ರಾತ್ರಿ ಹೈಸ್ಕೂಲು ತಮ್ಮಲ್ಲಿ ಹಲವರಿಗೆ ಗೊತ್ತು. ಹಗಲು ಕಪ್ಪುಬಸಿ ತೊಳೆದ ಹುಡುಗನಿಗೆ ಹಗಲಿನ ಶಾಲೆ ಹೊಂದಲಿಲ್ಲ, ಅದಕ್ಕಾಗಿ ಶಾಲೆಯೇ ರಾತ್ರಿಗೆ ಬಂತು. ಸಂಜೆಯ ಸಭೆಗೆ ಬರಲಾರದ ಹೋಟೇಲು ಕೆಲಸಗಾರನಿಗಾಗಿ ಮಂಡಳಿಯೇ ಫೋನಿಗೆ ಬಂದರೆ ಅದರಲ್ಲಿ ಹೀನಾಯವೇನು? ಆದರೆ ರಾತ್ರಿಶಾಲೆಯಲ್ಲಿ ಮಾಸ್ತರರು ಹಾಜರಿ ಕರೆಯುತ್ತಿದ್ದರು. ಕಣ್ಣು ಎಳೆಯುತ್ತಿದ್ದರೂ ‘ಎಸ್ ಸರ್’ ಎನ್ನಬೇಕಿತ್ತು. ಆ ಹಾಜರಿಪುಸ್ತಕವನ್ನೇ ನಾವು ಈಗ ತಂದಿರುವುದು ಎನ್ನಿ.

ಫೋನನ್ನೇ ನಂಬಿ ಕುಳಿತುಕೊಳ್ಳುವಂತೆಯೂ ಇಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಬಿತ್ತು. ಇತ್ತ ಉಲ್ಹಾಸ, ವಾಲಧುನಿ ನದಿಗಳು ಉಕ್ಕಿ ಮನೆಗಳಿಗೆ ನುಗ್ಗಿದವು. ಫೋನುಗಳು ಸತ್ತಿದ್ದವು. ಪಕ್ಕದ ಗಲ್ಲಿಯಲ್ಲಿ ಯಾರಿದ್ದಾರೆಂದು ಬಲ್ಲವರು ಮಾತ್ರ ಅಂದು ಉಪಯೋಗಕ್ಕೆ ಬಂದರು. ಆದುದರಿಂದ ಪ್ರತಿ ಕ್ಯಾಂಪಿಗೂ ಇಬ್ಬರಂತೆ, ಸದಸ್ಯರ ಕೋಣೆಗಳನ್ನು ಕಾಲ್ನಡಿಗೆಯಲ್ಲಿ ಬಲ್ಲವರು ಬೇಕಾಗಿದ್ದಾರೆ. ನಾಲ್ಕನೆಯ ಕ್ಯಾಂಪಿಗೆ ಇನ್ನೂ ಒಬ್ಬರು ಸಿಕ್ಕಿಲ್ಲ.

ಸಭೆ ಮುಗಿದೊಡನೆ ಬಾಗಿಲ ಬಳಿಯ ಮೇಜಿನ ಮೇಲೆ ಪುಸ್ತಕ ತೆರೆದಿರುತ್ತದೆ. ಪಕ್ಕದಲ್ಲಿ ನಮ್ಮ ಸದಸ್ಯರ ಇಬ್ಬರು ಹೆಣ್ಣುಮಕ್ಕಳು, ಕಾಲೇಜಿನಲ್ಲಿ ಓದುತ್ತಿರುವವರು, ಇ-ಶ್ರಮ ನೋಂದಣಿ ಮಾಡಿಕೊಡುತ್ತಾರೆ. ಅಸಂಘಟಿತ ಕಾರ್ಮಿಕರಿಗಾಗಿ ಕೇಂದ್ರ ಸರಕಾರ 2021ರ ಆಗಸ್ಟಿನಲ್ಲಿ ತೆರೆದ ದಾಖಲೆ ಅದು. ಪ್ರಾವಿಡೆಂಟ್ ಫಂಡು, ಇ.ಎಸ್.ಐ. ಇರುವ ಮಿಲ್ಲಿನವರಿಗೆ ಅದಲ್ಲ. ಎರಡೂ ಇಲ್ಲದ ಹೋಟೇಲಿನವರು ಆಧಾರ್ ಕಾರ್ಡು ಹಿಡಿದು ನಿಲ್ಲಿ. ಹಣ ಕೊಡಬೇಕಾಗಿಲ್ಲ, ಆ ಹುಡುಗಿಯರಿಗೆ ಒಂದೊಂದು ಚಹಾ ಕೊಡಿಸಿದರೆ ಸಂತೋಷ.

ಮಂಡಳಿ ಬಿಟ್ಟ ಆ ಹುಡುಗ ಇಲ್ಲಿಂದ ಎರಡು ಗಲ್ಲಿ ಆಚೆಯ ಹೋಟೇಲಿನಲ್ಲಿಯೇ ಇದ್ದಾನೆ. ಕಳೆದ ಭಾನುವಾರ ಹೋಗಿದ್ದೆವು. ಅಣ್ಣ ಕೋಲು ಹಿಡಿದು ನಡೆಯುತ್ತಿದ್ದಾನಂತೆ. ಹುಡುಗ ಚಹಾ ಕೊಟ್ಟ, ದುಡ್ಡು ತೆಗೆದುಕೊಳ್ಳಲಿಲ್ಲ, ಪುಸ್ತಕದಲ್ಲಿ ಹೆಸರನ್ನೂ ಬರೆಸಲಿಲ್ಲ. ಬರುವ ಭಾನುವಾರ ಮತ್ತೆ ಹೋಗುವವರಿದ್ದೇವೆ; ಅಂದು ರಜೆ ಇರುವವರು ಯಾರಾದರೂ ಜೊತೆಗೆ ಬರುವುದಾದರೆ, ಈಗಲೇ ತಿಳಿಸಿ.