ಸಂತೆಯಲ್ಲಿ ಜಾಣ, ಶಾಲೆಯಲ್ಲಿ ದಡ್ಡ: ತಪ್ಪು ಯಾರದು?

(ಗಿರಣಿ ಕೆಲಸಗಾರರು ಮತ್ತು ಸಣ್ಣ ವರ್ತಕರ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಪಕ್ಷದ ಕೆಲಸಕ್ಕೆ ಬರುವ ಮುನ್ನ ನಾವು ಕೆಲವು ವರ್ಷ ಮಾಸ್ತರಿಕೆ ಮಾಡಿದವರು. ಆ ದಿನಗಳ ಒಂದು ತಪ್ಪನ್ನು ಒಪ್ಪಿಕೊಂಡೇ ಮಾತು ಆರಂಭಿಸುತ್ತೇವೆ.

ನಮ್ಮ ತರಗತಿಯಲ್ಲಿ ತರಕಾರಿ ಗಾಡಿಯವರ ಹುಡುಗನೊಬ್ಬನಿದ್ದ. 18ನ್ನು 2.5ರಿಂದ ಗುಣಿಸು ಎಂದು ಅವನನ್ನು ಹಲಗೆಯ ಮುಂದೆ ನಿಲ್ಲಿಸಿದೆವು. ಚುಕ್ಕೆ ಇಡುವುದನ್ನು ಮರೆತು 450 ಎಂದು ಬರೆದ. ತರಗತಿ ನಕ್ಕಿತು, ನಾವೂ ನಕ್ಕೆವು. ದಡ್ಡನೆಂದು ಕರೆದು ಬೆಂಚಿನ ಮೇಲೆ ಹತ್ತಿಸಿದೆವು. ಅದೇ ವಾರ ಸಂತೆಯಲ್ಲಿ ಅವನ ತಂದೆಯ ಗಾಡಿಯಿಂದ ಎರಡೂವರೆ ಕಿಲೋ ಟೊಮ್ಯಾಟೊ ಕೊಂಡೆವು. ಕಿಲೋಗೆ 18 ರೂಪಾಯಿ. ತಕ್ಕಡಿ ಇಳಿಸುವ ಮೊದಲೇ ಹುಡುಗ, “ನಲವತ್ತೈದು ಕೊಡಿ ಸಾರ್” ಎಂದ. ಎರಡು ಕಿಲೋಗೆ ಮೂವತ್ತಾರು, ಅರ್ಧಕ್ಕೆ ಒಂಬತ್ತು. ಲೆಕ್ಕ ಅದೇ, ಹುಡುಗ ಅವನೇ. ಹಾಗಾದರೆ ದಡ್ಡರು ಯಾರು?

ಮಕ್ಕಳು ಕಲಿಯುವುದು ಹೇಗೆ ಎಂಬ ಬಗ್ಗೆ ಪಂಡಿತರಲ್ಲಿ ಬಹುಕಾಲದ ವಾದವಿದೆ. 1898ರಲ್ಲಿ ಅಮೆರಿಕದ ಥಾರ್ನ್‌ಡೈಕ್ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿ ಕೂಡಿಹಾಕಿ, ಅವು ಅಗಳಿ ತೆಗೆದು ಹೊರಬರಲು ಎಷ್ಟು ಹೊತ್ತು ಬೇಕೆಂದು ಅಳೆದರು. ಫಲ ಸಿಕ್ಕ ಕೆಲಸ ಅಭ್ಯಾಸವಾಗಿ ನಿಲ್ಲುತ್ತದೆ ಎಂದರು. ಅನಂತರ ಸ್ಕಿನ್ನರ್ ಪಾರಿವಾಳಗಳಿಗೆ ಕಾಳು ಕೊಟ್ಟು ಇದೇ ದಾರಿಯನ್ನು ಮುಂದುವರಿಸಿದರು. ಇದಕ್ಕೆ ವರ್ತನವಾದವೆನ್ನುತ್ತಾರೆ. ಇದು ಸುಳ್ಳಲ್ಲ, ಮಗ್ಗಿ ನಾಲಗೆಗೆ ಬರುವುದು ಅಭ್ಯಾಸದಿಂದಲೇ. ಆದರೆ 450 ಎಂದು ಬರೆದ ಹುಡುಗನ ತಲೆಯಲ್ಲಿ ಏನು ನಡೆಯಿತು ಎಂದು ಈ ವಾದ ಕೇಳುವುದಿಲ್ಲ.

ಅದನ್ನು ಕೇಳಿದವರು ಸ್ವಿಟ್ಜರ್ಲೆಂಡಿನ ಪಿಯಾಜೆ. ಎರಡು ಲೋಟಗಳಲ್ಲಿ ಸಮನಾಗಿ ನೀರಿಟ್ಟು, ಒಂದನ್ನು ಮಗುವಿನ ಕಣ್ಣೆದುರೇ ಉದ್ದನೆಯ ಸಪೂರ ಲೋಟಕ್ಕೆ ಸುರಿದರೆ, ಐದು ವರ್ಷದ ಮಗು ಸಾಮಾನ್ಯವಾಗಿ “ಉದ್ದದ್ದರಲ್ಲಿ ಹೆಚ್ಚು” ಎನ್ನುತ್ತದೆ. ಇದು ದಡ್ಡತನವಲ್ಲ; ಎತ್ತರ ನೋಡಿ ಮಗು ತನ್ನದೇ ತರ್ಕ ಹೂಡಿದೆ. ಜ್ಞಾನವು ಕೊಡಕ್ಕೆ ನೀರು ತುಂಬಿದಂತೆ ಬರುವುದಿಲ್ಲ. ಗೊತ್ತಿರುವುದರ ಮೇಲೆ ಮಗು ತಾನೇ ಅದನ್ನು ಕಟ್ಟಿಕೊಳ್ಳುತ್ತದೆ ಎಂಬುದು ಅವರ ಮತ. ಇದೇ ರಚನಾವಾದ.

ಪಿಯಾಜೆ ಹುಟ್ಟಿದ 1896ರಲ್ಲೇ ಅಂದಿನ ರಷ್ಯ ಸಾಮ್ರಾಜ್ಯದಲ್ಲಿ ಹುಟ್ಟಿ, ಕ್ಷಯದಿಂದ 37ನೆಯ ವಯಸ್ಸಿಗೇ ತೀರಿಕೊಂಡ ವಿಗೋಟ್ಸ್ಕಿ ಇದಕ್ಕೆ ಒಂದು ಮಾತು ಸೇರಿಸಿದರು: ಇಂದು ಬಲ್ಲವರ ನೆರವಿನಿಂದ ಮಾಡಿದ್ದನ್ನು ಮಗು ನಾಳೆ ತಾನೇ ಮಾಡಬಲ್ಲದು. ಗಿರಣಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಡಿದ ನೂಲನ್ನು ಕೂಡಿಸುವುದನ್ನು ನೀವು ಯಾರ ಭಾಷಣ ಕೇಳಿ ಕಲಿತಿರಿ? ಹಳೆಯ ಕೆಲಸಗಾರ ಪಕ್ಕದಲ್ಲಿ ನಿಂತ, ಬದಲಿಗೆ ಬಂದ ಹುಡುಗನ ಕೈ ತಿದ್ದಿದ, ಆಮೇಲೆ ದೂರ ಸರಿದ. ಅಷ್ಟೆ.

ಸಂತೆಯ ಜಾಣತನ ಶಾಲೆಯಲ್ಲಿ ಸೋಲುವುದು ನಮ್ಮೂರಿನ ಸಂಗತಿ ಮಾತ್ರವಲ್ಲ. ಬ್ರೆಜಿಲ್ ದೇಶದ ರೆಸೀಫೆ ಪಟ್ಟಣದ ಬೀದಿ ವ್ಯಾಪಾರದ ಮಕ್ಕಳನ್ನು ಮೂವರು ಸಂಶೋಧಕರು ಪರೀಕ್ಷಿಸಿ 1985ರಲ್ಲಿ ಪ್ರಕಟಿಸಿದರು. ಅವರಲ್ಲಿ ಹನ್ನೆರಡು ವರ್ಷದ ಒಬ್ಬ ಹುಡುಗ ತೆಂಗಿನಕಾಯಿ ಮಾರುತ್ತಿದ್ದ. ಕಾಯಿಗೆ 35, ನಾಲ್ಕಕ್ಕೆ ಎಷ್ಟು? ಮೂರಕ್ಕೆ 105 ಎಂದು ಹಿಡಿದು, ಅದರ ಮೇಲೆ ಕೂಡಿಸಿ, 140 ಎಂದು ಸರಿಯಾಗಿ ಹೇಳಿದ. ಅದೇ ಲೆಕ್ಕವನ್ನು ಕಾಗದದ ಮೇಲೆ ಕೊಟ್ಟಾಗ, ದಶಕವನ್ನು ಗುಣಿಸುವ ಮೊದಲೇ ಕೂಡಿಸಿಬಿಟ್ಟು 200 ಎಂದು ಬರೆದ! ಹೀಗೆ ಐದು ಮಕ್ಕಳು ಬೀದಿಯಲ್ಲಿ ಶೇಕಡ 98.2ರಷ್ಟು ಉತ್ತರ ಸರಿಯಾಗಿ ಹೇಳಿದರೆ, ಕಾಗದದ ಬರಿಯ ಅಂಕಿಗಳಲ್ಲಿ ಸರಿಯಾದದ್ದು ಶೇಕಡ 36.8 ಮಾತ್ರ. ಕಥೆಯ ರೂಪದ ಲೆಕ್ಕಗಳಲ್ಲಿ 73.7. ಐದೇ ಮಕ್ಕಳು ನಿಜ. ಆದರೆ ಬುದ್ಧಿ ಇಲ್ಲವೆಂಬ ಆರೋಪ ಬಿದ್ದುಹೋಗಲು ಅಷ್ಟು ಸಾಕು. 200 ಎಂದು ಬರೆದಾಗ, “ನಾಲ್ಕು ಕಾಯಿಗೆ ಇಷ್ಟು ಕೇಳಿದರೆ ಗಿರಾಕಿ ಕೊಟ್ಟಾನೆಯೆ?” ಎಂದು ಒಬ್ಬರು ಕೇಳಿದ್ದರೆ ಆ ಹುಡುಗ ತಾನೇ ತಿದ್ದಿಕೊಳ್ಳುತ್ತಿದ್ದನೆಂದು ನಮ್ಮ ನಂಬಿಕೆ. ನಾವೂ ನಮ್ಮ ಹುಡುಗನನ್ನು ಅದನ್ನೇ ಕೇಳಬೇಕಿತ್ತು.

ಇಲ್ಲಿ ವರ್ತಕ ಮಿತ್ರರು, “ಹಾಗಾದರೆ ಶಾಲೆ ಏತಕ್ಕೆ, ಅಂಗಡಿಯೇ ಸಾಕಲ್ಲ?” ಎನ್ನಬಹುದು. ಸಾಲದು. ಕೂಡಿಸುತ್ತ ಹೋಗುವ ದಾರಿ ಹತ್ತು ಕಾಯಿಗೆ ಸರಿ. ಚಕ್ರಬಡ್ಡಿಗೆ, ತೆರಿಗೆಗೆ, ಭವಿಷ್ಯನಿಧಿಯ ಲೆಕ್ಕಕ್ಕೆ ಪೆನ್ಸಿಲು ಬೇಕೇ ಬೇಕು. ಮಗು ಬೀದಿಯಲ್ಲಿ ಕಾಯಿ ಮಾರುವುದು ಹೆಮ್ಮೆಯ ಸಂಗತಿಯೂ ಅಲ್ಲ. ಅಂಗಡಿಯ ಲೆಕ್ಕದಿಂದ ಹೊರಟು ಪುಸ್ತಕದ ಲೆಕ್ಕಕ್ಕೆ ಮಗುವನ್ನು ಕರೆದೊಯ್ಯುವುದೇ ಶಾಲೆಯ ಕೆಲಸ.

ಇದೇ ರೆಸೀಫೆಯಲ್ಲಿ 1921ರಲ್ಲಿ ಹುಟ್ಟಿದವರು ಪಾಲೊ ಫ್ರೇರೆ. 1963ರಲ್ಲಿ ಆಂಜಿಕೋಸ್ ಎಂಬ ಊರಲ್ಲಿ ಅವರ ತಂಡ ಸುಮಾರು 300 ಮಂದಿ ದುಡಿಯುವ ಜನರಿಗೆ 40 ಗಂಟೆಗಳಲ್ಲಿ ಓದು ಬರಹ ಕಲಿಸಲು ಹೊರಟಿತು. ಫ್ರೇರೆ ಕಲಿಸುತ್ತಿದ್ದುದು ಜನರ ಬಾಯಲ್ಲಿದ್ದ ಮಾತುಗಳಿಂದ. ಇಟ್ಟಿಗೆ ಎಂಬ ಮಾತನ್ನು ಬಿಡಿಸಿ ಅಕ್ಷರ ಕಲಿಸುವಾಗ, ಇಟ್ಟಿಗೆ ಹೊತ್ತವನಿಗೆ ಮನೆ ಏಕಿಲ್ಲ ಎಂಬ ಚರ್ಚೆಯೂ ಏಳುತ್ತಿತ್ತು. ಆಗ ಆ ದೇಶದಲ್ಲಿ ಓದು ಬಾರದವರಿಗೆ ಮತವಿರಲಿಲ್ಲ. ಅದು ಸಿಕ್ಕಿದ್ದು 1985ರಲ್ಲಿ. 1964ರಲ್ಲಿ ಸೈನ್ಯ ಅಧಿಕಾರ ಹಿಡಿದಾಗ ಯೋಜನೆ ನಿಂತಿತು, ಫ್ರೇರೆ ಸೆರೆಮನೆ ಸೇರಿ ಅನಂತರ ದೇಶ ಬಿಟ್ಟರು. ಅಕ್ಷರ ಕಲಿಸಿದ್ದಕ್ಕೆ ಅಷ್ಟು ಭಯವೇಕೆ? ತನ್ನ ತಲೆಯಿಂದ ಯೋಚಿಸಲು ಕಲಿತ ಕೂಲಿಕಾರ ಬರಿಯ ಅಕ್ಷರಕ್ಕೆ ನಿಲ್ಲುವುದಿಲ್ಲವಾದ್ದರಿಂದ.

ನಮ್ಮಲ್ಲಿಯೂ ಈ ವಿಚಾರ ಹೊಸದಲ್ಲ. ನಲಿ-ಕಲಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಹುಟ್ಟಿತು. 2009ರ ಶಿಕ್ಷಣ ಹಕ್ಕು ಕಾಯಿದೆ, ಮಕ್ಕಳು ಚಟುವಟಿಕೆಯಿಂದ, ತಾವೇ ಹುಡುಕಿ ತಿಳಿದು ಕಲಿಯತಕ್ಕದ್ದೆಂದು ಬರೆದಿದೆ. ಅದೇ ಕಾಯಿದೆ ಕಿರಿಯ ತರಗತಿಗಳ ಶಾಲೆಗೆ, 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಇರಬೇಕೆಂದೂ ಹೇಳಿದೆ. ಮೊದಲನೆಯದನ್ನು ಹೊಗಳಿ ಎರಡನೆಯದನ್ನು ಮರೆಯುವುದು ಮೋಸ. “ಮಗು ತಾನೇ ಕಲಿಯುತ್ತದೆ” ಎಂಬುದು ಮಾಸ್ತರರನ್ನು ಕೊಡದಿರುವುದಕ್ಕೆ ನೆಪವಾಗಕೂಡದು. ಪ್ರತಿ ಮಗುವಿನ ತಪ್ಪನ್ನು ವಿಚಾರಿಸಲು ಸಮಯ ಬೇಕು, ಸಮಯಕ್ಕೆ ಜನ ಬೇಕು.

ಆದುದರಿಂದ ಮೂರು ಕೆಲಸ ಹೇಳಿ ಮುಗಿಸುತ್ತೇವೆ. ಮನೆಯಲ್ಲಿ ಮಗು ತಪ್ಪಿದರೆ ಬೈಯುವ ಮುನ್ನ, “ಇದನ್ನು ಹೇಗೆ ಮಾಡಿದೆ?” ಎಂದು ಕೇಳಿ. ನಿಮ್ಮ ಸರ್ಕಾರಿ ಶಾಲೆಯಲ್ಲಿ ಮಕ್ಕಳೆಷ್ಟು, ಶಿಕ್ಷಕರೆಷ್ಟು ಎಂದು ಎಣಿಸಿ. ಶಾಲೆಯ ಮೇಲುಸ್ತುವಾರಿ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳು, ಪೋಷಕರು ಇರಬೇಕೆಂದು ಕಾಯಿದೆಯೇ ಹೇಳಿದೆ. ಪಾಳಿ ತಪ್ಪಿದ ದಿನವಾದರೂ ಅಲ್ಲಿಗೆ ಹೋಗಿ ಆ ಲೆಕ್ಕವನ್ನು ಮುಂದಿಡಿ.

ಬೆಂಚಿನ ಮೇಲೆ ನಿಂತ ಆ ಹುಡುಗನಿಗೆ ನಾವು ಕ್ಷಮೆ ಕೇಳಲಿಲ್ಲ. ನಿಮ್ಮ ಮಕ್ಕಳು ಹಾಗೆ ನಿಲ್ಲದಂತೆ ನೋಡಿಕೊಳ್ಳುವುದೇ ಈಗ ಉಳಿದ ದಾರಿ.