ವಾಲಿದ ಹೇರು: 'ಲಾಪ್‌ಸೈಡೆಡ್' ಎಂಬ ಪದದ ಬಳಕೆ

ಹುಲ್ಲು ಹೇರಿದ ಎತ್ತಿನ ಗಾಡಿಯನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಹೇರುವಾಗ ಎಡಗಡೆಗೆ ನಾಲ್ಕು ಹೊರೆ ಹೆಚ್ಚಾಯಿತೆನ್ನಿ. ಗಾಡಿ ಊರು ದಾಟುವುದರೊಳಗೆ ಹೇರು ಒಂದು ಕಡೆಗೆ ವಾಲುತ್ತದೆ. ಇಂಥ ಹೇರಿಗೆ ಇಂಗ್ಲಿಷಿನಲ್ಲಿ 'ಎ ಲಾಪ್‌ಸೈಡೆಡ್ ಲೋಡ್' ಎನ್ನುತ್ತಾರೆ. ಇಂದಿನ ನಮ್ಮ ಮಾತು ಈ ಒಂದು ಗುಣವಾಚಕವನ್ನು ಕುರಿತದ್ದು.

ಒಂದೇ ಪದಕ್ಕೆ ಇಷ್ಟು ಹೊತ್ತು ಏಕೆ ಎಂದು ನೀವು ಕೇಳಬಹುದು. ಅದಕ್ಕೊಂದು ಕಾರಣವಿದೆ. ಹಿಂದೊಮ್ಮೆ ನನ್ನ ತರಗತಿಯ ಒಬ್ಬ ಹುಡುಗ ಪ್ರಬಂಧದಲ್ಲಿ 'ಮೈ ಅಂಕಲ್ ಈಸ್ ಎ ಲಾಪ್‌ಸೈಡೆಡ್ ಮ್ಯಾನ್' ಎಂದು ಬರೆದಿದ್ದ. ತನ್ನ ಮಾವ ಪಕ್ಷಪಾತಿ ಎಂಬುದು ಅವನ ಅಭಿಪ್ರಾಯ. ನಾನು ಕೆಂಪು ಶಾಯಿಯಿಂದ ಹೊಡೆದುಹಾಕಿದೆ. ಅವನು ಬಂದು, "ಸಾರ್, ನಿಘಂಟಿನಲ್ಲಿ 'ಒಂದು ಪಕ್ಷಕ್ಕೆ ವಾಲಿದ' ಅಂತಲೇ ಇದೆಯಲ್ಲ?" ಎಂದು ಕೇಳಿದ. ಆಗ ನನ್ನಲ್ಲಿ ಸರಿಯಾದ ಉತ್ತರ ಇರಲಿಲ್ಲ. 'ಹಾಗೆ ಹೇಳುವುದಿಲ್ಲಪ್ಪ' ಎಂದು ಕಳುಹಿಸಿಬಿಟ್ಟೆ. ಅಂದು ಹೇಳಬೇಕಾಗಿದ್ದ ಉತ್ತರವನ್ನು ಇಂದು ಹೇಳುತ್ತೇನೆ.

ಮೊದಲು ಪದದ ಹುಟ್ಟನ್ನು ನೋಡೋಣ. ಇಂಗ್ಲಿಷಿನಲ್ಲಿ 'ಲಾಪ್' ಎಂಬ ಎರಡು ಕ್ರಿಯಾಪದಗಳಿವೆ. ಒಂದಕ್ಕೆ ರೆಂಬೆ ಕತ್ತರಿಸು ಎಂಬ ಅರ್ಥ. ಇನ್ನೊಂದಕ್ಕೆ ಜೋತುಬೀಳು ಎಂಬ ಅರ್ಥ. ಕಿವಿ ಜೋತುಬಿದ್ದ ಮೊಲವನ್ನು 'ಲಾಪ್-ಇಯರ್ಡ್' ಎನ್ನುವುದು ಈ ಎರಡನೆಯದರಿಂದಲೇ. ನಮ್ಮ ಪದವೂ ಅದರಿಂದಲೇ ಬಂದದ್ದು. 18ನೇ ಶತಮಾನದ ಆರಂಭದಲ್ಲಿ ಇದನ್ನು ಹಡಗುಗಳ ಬಗ್ಗೆ ಬಳಸುತ್ತಿದ್ದರು. ಒಂದು ಮಗ್ಗುಲು ಭಾರವಾಗಿ ನೀರಿಗೆ ಬಾಗಿದ ಹಡಗು ಲಾಪ್‌ಸೈಡೆಡ್. ಅಂದರೆ ನಮ್ಮ ಗಾಡಿಯ ಹೇರು, ಅವರ ಹಡಗು ಎರಡರ ಕಥೆಯೂ ಒಂದೇ.

ಇಲ್ಲಿಂದ ಒಂದು ಸೂತ್ರ ಸಿಗುತ್ತದೆ. ಈ ಪದ ಬಳಸಬೇಕಾದರೆ ಎರಡು ಬದಿಗಳು ಇರಬೇಕು. ಅವು ಸಮವಾಗಿರುತ್ತವೆ ಎಂಬ ನಿರೀಕ್ಷೆ ಇರಬೇಕು. ಆದರೆ ಒಂದು ಬದಿ ಹೆಚ್ಚು, ಇನ್ನೊಂದು ಕಡಿಮೆ ಆಗಿರಬೇಕು. ಸುಮ್ಮನೆ ಬಾಗಿದ್ದಕ್ಕೆಲ್ಲ ಈ ಪದ ಒಪ್ಪುವುದಿಲ್ಲ. ಇಟಲಿಯ ಪೀಸಾ ನಗರದ ಪ್ರಸಿದ್ಧ ಗೋಪುರ ಇಡಿಯಾಗಿ ಓರೆಯಾಗಿದೆ. ಅದನ್ನು 'ಲೀನಿಂಗ್ ಟವರ್' ಎನ್ನುತ್ತಾರೆಯೇ ಹೊರತು ಲಾಪ್‌ಸೈಡೆಡ್ ಟವರ್ ಎನ್ನುವುದಿಲ್ಲ.

ಈಗ ದಿನಬಳಕೆಯ ವಾಕ್ಯಗಳಿಗೆ ಬರೋಣ. 'ಹೀ ಗೇವ್ ಎ ಲಾಪ್‌ಸೈಡೆಡ್ ಸ್ಮೈಲ್.' ತುಟಿಯ ಒಂದು ತುದಿ ಮಾತ್ರ ಮೇಲೇರಿದ ನಗೆ ಇದು. ಇಲ್ಲಿ ನಿಂದೆಯಿಲ್ಲ, ಕಥೆಗಾರರು ಎಷ್ಟೋ ಸಲ ಪ್ರೀತಿಯಿಂದಲೇ ಹೀಗೆ ಬರೆಯುತ್ತಾರೆ.

'ದಿ ಫೈನಲ್ ವಾಸ್ ಎ ಲಾಪ್‌ಸೈಡೆಡ್ ಮ್ಯಾಚ್.' 2023ರ ಸೆಪ್ಟೆಂಬರ್ 17ರಂದು ಕೊಲಂಬೋದಲ್ಲಿ ನಡೆದ ಏಷ್ಯಾ ಕಪ್ ಫೈನಲ್ ನೆನಪಿಸಿಕೊಳ್ಳಿ. ಶ್ರೀಲಂಕಾ 50 ರನ್ನಿಗೆ ಆಲೌಟ್. ಭಾರತ 6.1 ಓವರುಗಳಲ್ಲಿ ಒಂದು ವಿಕೆಟ್ಟನ್ನೂ ಕಳೆದುಕೊಳ್ಳದೆ ಗೆದ್ದಿತು. ಸರಿಸಾಟಿಯಾಗಬೇಕಿದ್ದ ಎರಡು ತಂಡಗಳಲ್ಲಿ ಒಂದೇ ಆಡಿದಂತಾಯಿತು. ಕೊನೆಯ ಚೆಂಡಿನಲ್ಲಿ ಒಂದು ರನ್ನಿನಿಂದ ಗೆದ್ದ ಪಂದ್ಯಕ್ಕೆ ಈ ಪದ ಸಲ್ಲದು.

ಪದದ ಭಾರ ಹೆಚ್ಚಾಗುವ ಜಾಗ ಇನ್ನೊಂದಿದೆ. 'ದಿ ಡೆವಲಪ್‌ಮೆಂಟ್ ಆಫ್ ದಿ ಸ್ಟೇಟ್ ವಾಸ್ ಲಾಪ್‌ಸೈಡೆಡ್.' ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪನವರ ಅಧ್ಯಕ್ಷತೆಯ ಸಮಿತಿಯು ಪ್ರಾದೇಶಿಕ ಅಸಮತೋಲವನ್ನು ಅಧ್ಯಯನ ಮಾಡಿ 2002ರಲ್ಲಿ ವರದಿ ಕೊಟ್ಟಿತು. ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಎಂದು ಅದು ಗುರುತಿಸಿತು. ಅತ್ಯಂತ ಹಿಂದುಳಿದ 39ರಲ್ಲಿ 21 ತಾಲ್ಲೂಕುಗಳು ಇಂದಿನ ಕಲಬುರಗಿ ವಿಭಾಗದವು. ಮೈಸೂರು ವಿಭಾಗದವು ಎರಡು ಮಾತ್ರ. ಇಲ್ಲಿ ಲಾಪ್‌ಸೈಡೆಡ್ ಎಂದಾಗ ನಾವು ಬರೀ ವರ್ಣನೆ ಮಾಡುತ್ತಿಲ್ಲ. ಹೀಗಿರಬಾರದಿತ್ತು, ಹೇರನ್ನು ಸರಿಪಡಿಸಬೇಕು ಎಂದೂ ಹೇಳುತ್ತಿದ್ದೇವೆ. ಆದ್ದರಿಂದ ಇಂಥ ವಾಕ್ಯ ಬರೆಯುವವರು ಎರಡೂ ಬದಿಯ ಲೆಕ್ಕವನ್ನು ಕೈಯಲ್ಲಿ ಹಿಡಿದಿರಬೇಕು.

ಇನ್ನು ಆ ಹುಡುಗನ ಮಾವನ ವಿಷಯ. ಒಬ್ಬರ ಅಭಿಪ್ರಾಯ ಲಾಪ್‌ಸೈಡೆಡ್ ಆಗಬಹುದು, ವರದಿ ಆಗಬಹುದು, ವಾದ ಆಗಬಹುದು. ಆದರೆ ಮನುಷ್ಯನನ್ನೇ ಹಾಗೆ ಕರೆದರೆ ಅವನ ಒಂದು ಭುಜ ಇಳಿದಿದೆಯೇನೋ ಎಂದು ಕೇಳುವವರು ತಿಳಿಯುತ್ತಾರೆ. ಪಕ್ಷಪಾತಿಯಾದವರಿಗೆ 'ಬಯಸ್ಡ್' ಅಥವಾ 'ಪಾರ್ಷಿಯಲ್' ಎನ್ನಬೇಕು. ಹುಡುಗ ಪದದ ಅರ್ಥವನ್ನು ಸರಿಯಾಗಿಯೇ ಓದಿದ್ದ. ಆ ಪದ ಯಾವ ಪದಗಳ ಜೊತೆ ಓಡಾಡುತ್ತದೆ ಎಂಬುದನ್ನು ಯಾರೂ ಅವನಿಗೆ ತೋರಿಸಿರಲಿಲ್ಲ. ತಪ್ಪು ಅವನೊಬ್ಬನದಲ್ಲ, ಅರ್ಥವನ್ನಷ್ಟೇ ಬಾಯಿಪಾಠ ಮಾಡಿಸಿದ ನಮ್ಮದೂ ಹೌದು. ನಿಘಂಟು ನೋಡುವಾಗ ಅರ್ಥದ ಕೆಳಗಿರುವ ಉದಾಹರಣೆಯ ವಾಕ್ಯವನ್ನೂ ತಪ್ಪದೆ ಓದಿ.

ವ್ಯಾಕರಣದ ಎರಡು ಮಾತು. ಈ ಪದವನ್ನು ನಡುವೆ ಅಡ್ಡಗೆರೆಯಿಲ್ಲದೆ ಒಂದೇ ಪದವಾಗಿ ಬರೆಯುವುದು ಇಂದಿನ ರೂಢಿ. ಹೋಲಿಸುವಾಗ 'ಮೋರ್ ಲಾಪ್‌ಸೈಡೆಡ್' ಎನ್ನಬೇಕು.

ಕೊನೆಯಲ್ಲಿ ಮನೆಗೆ ಒಂದು ಅಭ್ಯಾಸ. ಗುಂಡಿ ತಪ್ಪಾಗಿ ಹಾಕಿದ್ದರಿಂದ ಒಂದು ಅಂಚು ಕೆಳಗಿಳಿದ ಅಂಗಿ. ಮಳೆಗೆ ಓರೆಯಾದ ವಿದ್ಯುತ್ ಕಂಬ. ಒಂದೇ ತಂಡದ ಕಡೆ ನೋಡುವ ಅಂಪೈರ್. ಈ ಮೂರರಲ್ಲಿ ಲಾಪ್‌ಸೈಡೆಡ್ ಯಾವುದು? ಉತ್ತರ ಬರೆಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಸಮವಾಗಿರಬೇಕಾಗಿದ್ದ ಎರಡು ಬದಿಗಳು ಯಾವುವು? ಅದು ಹೊಳೆದರೆ ಪದ ತಾನಾಗಿ ಸರಿಯಾದ ಜಾಗದಲ್ಲಿ ಕೂರುತ್ತದೆ.